ಗೋಡೆಯಾಚೆಯ ಮನೆ

1806ರ ಒಂದು ಸಂಜೆ. ಲಂಡನ್ನಿನ ಸೋಮರ್ಸ್ ಟೌನಿನ ಮನೆಯೊಂದರಲ್ಲಿ ಕವಿ ಕೋಲ್‌ರಿಜ್ ತನ್ನ ಮುದಿ ನಾವಿಕನ ಪದ್ಯ ಹೇಳುತ್ತಿದ್ದಾನೆ. ಹಡಗು ಹಿಮದ ನಡುವೆ ಸಿಕ್ಕಿದೆ. ಸೋಫಾದ ಮರೆಯಲ್ಲಿ ಇಬ್ಬರು ಹುಡುಗಿಯರು ಉಸಿರು ಬಿಗಿಹಿಡಿದು ಕೂತಿದ್ದಾರೆ. ಮಲಗುವ ಹೊತ್ತು ಮೀರಿದೆ. ಮನೆಯೊಡತಿ ಅವರನ್ನು ಎಬ್ಬಿಸಿ ಕಳಿಸಲು ಹೊರಟರೆ ಕವಿಯೇ ಅಡ್ಡಬಂದು ಬೇಡಿಕೊಂಡು ಉಳಿಸಿಕೊಳ್ಳುತ್ತಾನೆ. ಒಬ್ಬಳು ಮೇರಿ, ಎಂಟೊಂಬತ್ತು ವರ್ಷದ ಮಗು. ಮುಂದೆ 1818ರಲ್ಲಿ ಅಚ್ಚಾದ ಅವಳ ‘ಫ್ರಾಂಕೆನ್‌ಸ್ಟೈನ್’ ಶುರುವಾಗುವುದೂ ಹಿಮದ ಕಡಲಿಗೆ ಹೊರಟ ಹಡಗಿನಿಂದಲೇ.

ಎಂಥ ಮನೆ ಅದು! ಅಪ್ಪ ವಿಲಿಯಂ ಗಾಡ್ವಿನ್. ಸರಕಾರ, ಆಸ್ತಿ, ಮದುವೆ ಮೂರೂ ಮನುಷ್ಯನ ಕಾಲಿನ ಸಂಕೋಲೆ ಎಂದು 1793ರಲ್ಲೇ ದೊಡ್ಡ ಗ್ರಂಥ ಬರೆದವನು. ಅಮ್ಮ ಮೇರಿ ವುಲ್‌ಸ್ಟನ್‌ಕ್ರಾಫ್ಟ್. ಹೆಣ್ಣಿನ ಹಕ್ಕುಗಳ ಬಗ್ಗೆ 1792ರಲ್ಲಿ ಅವಳು ಬರೆದ ಪುಸ್ತಕಕ್ಕೆ ಇವತ್ತಿಗೂ ಓದುಗರಿದ್ದಾರೆ. ಆ ಅಮ್ಮನನ್ನು ಮಗಳು ನೋಡಿದ್ದು ಗೋಡೆಯ ಮೇಲಿನ ಚಿತ್ರದಲ್ಲಿ ಮಾತ್ರ. 1797ರ ಆಗಸ್ಟ್ 30ರಂದು ಹೆರಿಗೆಯಾಯಿತು, ಮಾಸು ಬೀಳಲಿಲ್ಲ. ವೈದ್ಯ ಕೈ ಹಾಕಿ ತುಂಡುತುಂಡಾಗಿ ತೆಗೆದ. ನಂಜೇರಿತು. ಎದೆಹಾಲು ಮಗುವಿಗೆ ಆಗದೆಂದು ನಾಯಿಮರಿಗಳಿಂದ ಹಾಲು ಎಳೆಸಿದರು. ಸೆಪ್ಟೆಂಬರ್ 10ರಂದು ಬಾಣಂತಿ ತೀರಿಕೊಂಡಳು. ಸೇಂಟ್ ಪ್ಯಾಂಕ್ರಾಸ್ ಸ್ಮಶಾನದಲ್ಲಿ ಅವಳ ಕಲ್ಲಿನ ಮೇಲಿನ ಹೆಸರನ್ನು ಬೆರಳಿಂದ ತಿದ್ದಿಯೇ ಮಗಳು ಅಕ್ಷರ ಕಲಿತಳೆಂದು ಹೇಳುತ್ತಾರೆ. ಇಬ್ಬರದೂ ಒಂದೇ ಹೆಸರು.

1814ರಲ್ಲಿ, ಇನ್ನೂ ಹದಿನಾರರ ಮೇರಿ ಕವಿ ಶೆಲ್ಲಿಯ ಜೊತೆ ಮನೆ ಬಿಟ್ಟಳು. ಅವನಿಗಾಗಲೇ ಮದುವೆಯಾಗಿತ್ತು. ಮದುವೆಯನ್ನು ಖಂಡಿಸಿ ಬರೆದಿದ್ದ ಅಪ್ಪ ಮಗಳಿಗೆ ಬಾಗಿಲು ಮುಚ್ಚಿದ. ಹಣಕ್ಕಾಗಿ ಅಳಿಯನಿಗೆ ಕಾಗದ ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. 1815ರ ಫೆಬ್ರವರಿಯಲ್ಲಿ ದಿನ ತುಂಬದೆ ಹುಟ್ಟಿದ ಹೆಣ್ಣುಮಗು ಎರಡು ವಾರ ಬದುಕಲಿಲ್ಲ. ಬೆಂಕಿಯೆದುರು ಮೈ ಉಜ್ಜಿದ ಮೇಲೆ ಮಗು ಮತ್ತೆ ಕಣ್ಣುಬಿಟ್ಟಂತೆ ಕನಸು ಕಂಡಳೆಂದು ಮೇರಿಯ ದಿನಚರಿಯಲ್ಲಿದೆ. ಸತ್ತ ದೇಹಕ್ಕೆ ಜೀವ ಬರುವ ಕಾದಂಬರಿಗೆ ಜಿನೀವಾ ಸರೋವರದ ಮಳೆ, ಕವಿ ಬೈರನ್ನನ ದೆವ್ವದ ಕಥೆಯ ಪಂದ್ಯ ಇವೇ ಮೂಲವೆಂದು ಹೇಳುವುದು ರೂಢಿ. ನನಗೆ ಮೂಲ ಕಾಣುವುದು ಈ ಕನಸಿನಲ್ಲಿ.

1816ರ ಅಕ್ಟೋಬರಿನಲ್ಲಿ, ಅವಳು ಕಾದಂಬರಿ ಬರೆಯುತ್ತಿದ್ದಾಗಲೇ, ಅಕ್ಕ ಫ್ಯಾನಿ ಸ್ವಾನ್ಸಿಯ ವಸತಿಗೃಹವೊಂದರಲ್ಲಿ ಅಫೀಮಿನ ಔಷಧಿ ಕುಡಿದು ಸತ್ತಳು. ಅಮ್ಮನಿಗೆ ಮೊದಲಿನ ಸಂಬಂಧದಲ್ಲಿ ಹುಟ್ಟಿ, ಗಾಡ್ವಿನ್ನನ ಮನೆಯಲ್ಲಿ ಬೆಳೆದವಳು. ಮೈಮೇಲಿದ್ದ ಒಳಕವಚದಲ್ಲಿ ಅಮ್ಮನ ಹೆಸರಿನ ಮೊದಲಕ್ಷರಗಳಿದ್ದವು. ಸುದ್ದಿ ಹೊರಬಿದ್ದೀತೆಂದು ಗಾಡ್ವಿನ್ ಶವ ಪಡೆಯಲೂ ಹೋಗಲಿಲ್ಲ. ಡಿಸೆಂಬರಿನಲ್ಲಿ ಶೆಲ್ಲಿಯ ಹೆಂಡತಿ ಹ್ಯಾರಿಯೆಟ್ಟಳ ಹೆಣ ಲಂಡನ್ನಿನ ಕೆರೆಯೊಂದರಲ್ಲಿ ಸಿಕ್ಕಿತು. ಅದೇ ತಿಂಗಳ 30ರಂದು ಮೇರಿ ಮತ್ತು ಶೆಲ್ಲಿಯ ಮದುವೆ. ಆಗ ಅಪ್ಪನ ಬಾಗಿಲು ತೆರೆಯಿತು.

ಇಲ್ಲಿ ನಮ್ಮ ಕುಪ್ಪಳಿಯ ಕವಿಯ ನೆನಪಾಗದೆ ಇರದು. 1966ರಲ್ಲಿ ಮಗ ತೇಜಸ್ವಿಯ ಮದುವೆಗೆ ಕುವೆಂಪು ಪುರೋಹಿತರಿಲ್ಲದ ‘ಮಂತ್ರ ಮಾಂಗಲ್ಯ’ವನ್ನು ತಾವೇ ರಚಿಸಿಕೊಟ್ಟರು. ಬರೆದದ್ದನ್ನು ಮನೆಯೊಳಗೂ ನಡೆಸಿದ ಅಪ್ಪ ಸಿಗುವುದು ಅಪರೂಪ. ಮೇರಿಗೆ ಸಿಗಲಿಲ್ಲ.

ಕಾದಂಬರಿಯ ನಟ್ಟನಡುವಿನ ದೃಶ್ಯ ನೋಡಿ. ಸೃಷ್ಟಿಸಿದವನೇ ಹೇಸಿ ಬಿಟ್ಟೋಡಿದ ಮೇಲೆ ಆ ಜೀವ ಕಾಡಂಚಿನ ಗುಡಿಸಲಿಗೆ ಅಂಟಿದ ಕೊಟ್ಟಿಗೆಯಲ್ಲಿ ಅವಿತುಕೊಳ್ಳುತ್ತದೆ. ಹಲಗೆಯ ಸೀಳಿನಲ್ಲಿ ಕಣ್ಣಿಟ್ಟರೆ ಆಚೆ ಕುರುಡ ಮುದುಕ, ಮಗ, ಮಗಳು. ಅವರು ಪರದೇಶದ ಹೆಣ್ಣು ಸಾಫಿಗೆ ಪಾಠ ಹೇಳುವಾಗ ಈಚೆ ಇದೂ ಕಲಿಯುತ್ತದೆ. ರಾತ್ರಿ ಅವರಿಗೆ ತಿಳಿಯದಂತೆ ಸೌದೆ ತಂದಿಡುತ್ತದೆ.

ಡೊಂಬಿವಲಿಯ ಚಾಳಿನಲ್ಲಿ ಬೆಳೆದ ನನಗೆ ಈ ಸೀಳು ಚೆನ್ನಾಗಿ ಗೊತ್ತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮರಾಠಿಯನ್ನು ನಮಗೆ ಕಲಿಸಿದ್ದು ಪಕ್ಕದ ಖೋಲಿಯ ಗೋಡೆ. ದೀಪ ಹಚ್ಚುವ ಹೊತ್ತಿನ ಪ್ರಾರ್ಥನೆ, ಮಗ್ಗಿ ತಪ್ಪಿದ ಹುಡುಗನಿಗೆ ಬೀಳುವ ಬೈಗುಳ, ರೇಡಿಯೋದ ವಾರ್ತೆ, ಎಲ್ಲ ಕೇಳಿಸುತ್ತಿತ್ತು. ಕೇಳಿ ಕಲಿತ ಮಾತನ್ನು ಗ್ಯಾಲರಿಯಲ್ಲಿ ಮೊದಲ ಬಾರಿ ಆಡಿದಾಗ ಪಕ್ಕದ ಮನೆಯ ಆಜಿ ಒಳಗೆ ಕರೆದು ಅವಲಕ್ಕಿ ಕೊಟ್ಟರು. ಮೇರಿಯ ಜೀವವೂ ಅಷ್ಟೇ ಆಸೆಯಿಂದ ಒಳಗೆ ಕಾಲಿಡುತ್ತದೆ. ಕುರುಡ ಮುದುಕ ಆದರದಿಂದ ಮಾತಾಡಿಸುತ್ತಾನೆ. ಕಣ್ಣಿದ್ದ ಮಗ ಬಂದವನೇ ದೊಣ್ಣೆಯಿಂದ ಬಡಿಯುತ್ತಾನೆ.

ಮನುಷ್ಯನನ್ನು ಕೆಡಿಸುವುದು ಹುಟ್ಟಲ್ಲ, ಅವನನ್ನು ನಡೆಸಿಕೊಂಡ ರೀತಿ ಎನ್ನುವುದು ಗಾಡ್ವಿನ್ನನ ವಾದ. ಲೋಕದ ದುಃಖದಲ್ಲಿ ದೊಡ್ಡ ಪಾಲು ಹೆತ್ತವರ ಅಸಡ್ಡೆಯಿಂದ ಬಂದದ್ದೆಂದು ಅಮ್ಮನೂ ಬರೆದಿದ್ದಳು. ಮಗಳು ಇವನ್ನು ತಳ್ಳಿಹಾಕಲಿಲ್ಲ, ನಂಬಿದಳು. ನಂಬಿದ್ದರಿಂದಲೇ ಅಪ್ಪನ ತತ್ವದಿಂದಲೇ ಅಪ್ಪಂದಿರ ವಿಚಾರಣೆ ನಡೆಸಿದಳು. ಕಾದಂಬರಿಯಲ್ಲಿ ಆ ಜೀವ ಮೊದಲು ಕೊಲ್ಲುವ ಬಾಲಕನ ಹೆಸರು ವಿಲಿಯಂ. ಅವಳ ಅಪ್ಪ, ತಮ್ಮ, ಮಡಿಲಲ್ಲಿದ್ದ ಕೂಸು, ಮೂವರ ಹೆಸರೂ ಅದೇ. ಕಾದಂಬರಿಯ ಅರ್ಪಣೆಯೂ ವಿಲಿಯಂ ಗಾಡ್ವಿನ್ನನಿಗೆ. ಇದನ್ನು ಸೇಡು ಎನ್ನಲಾರೆ. ಬರೆದಂತೆ ಬಾಳು ಎಂದು ಮಗಳು ಅಪ್ಪನನ್ನು ಕೇಳಿಕೊಂಡ ರೀತಿ ಇದು.

1931ರ ಹಾಲಿವುಡ್ ಚಿತ್ರ ಆ ಜೀವದ ಮಾತನ್ನೇ ಕಿತ್ತುಕೊಂಡು ಗುರುಗುಟ್ಟುವ ದೆವ್ವ ಮಾಡಿತು. ಸಿನಿಮಾ ನೋಡಿ ಕಥೆ ಗೊತ್ತಾಯಿತು ಎಂದುಕೊಂಡವರಲ್ಲಿ ನನ್ನದೊಂದು ಕೋರಿಕೆ. 1831ರ ಪರಿಷ್ಕೃತ ಆವೃತ್ತಿ ಸಿಕ್ಕರೆ 11ರಿಂದ 16ನೇ ಅಧ್ಯಾಯದವರೆಗೆ ನಿಧಾನವಾಗಿ ಓದಿ. ಅಷ್ಟೂ ಪುಟಗಳಲ್ಲಿ ಮಾತಾಡುವುದು ಅದೇ ಜೀವ.