ಹಳೆಯ ಜೋಂಗಾಕ್ಕೆ ಡೀಸೆಲ್ ಎಂಜಿನ್

ಕಾಗಿಣಾ ನದಿ ಉಕ್ಕಿದಾಗ ದಂಡೋತಿಯ ಸೇತುವೆ ಮುಳುಗುವುದುಂಟು. ಎರೆಮಣ್ಣಿನಲ್ಲಿ ಹೂತ ಲಾರಿಯ ಪಾಡು ನಮ್ಮ ಫರ್ಸಿ ಕಲ್ಲಿನ ವ್ಯಾಪಾರಿಗಳಿಗೆ ಹೊಸದಲ್ಲ. ಹೀಗಾಗಿ ಸೇನೆಯು ವಿಲೇವಾರಿ ಮಾಡಿದ, ನಾಲ್ಕೂ ಚಕ್ರ ಎಳೆಯುವ ವಾಹನಗಳತ್ತ ದೃಷ್ಟಿ ಹೊರಳುವುದು ಸಹಜ.

ಜಬಲ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ನಿಸ್ಸಾನ್ ಪರವಾನಗಿಯಡಿ 1969ರಿಂದ 1999ರವರೆಗೆ ತಯಾರಾದ ಜೋಂಗಾ ಅಂಥದ್ದೊಂದು. ಚಾಸಿ ಗಟ್ಟಿಮುಟ್ಟು, ಆದರೆ ಸುಮಾರು 4 ಲೀಟರಿನ, 6 ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನ ಇಂಧನದ ಖರ್ಚನ್ನು ಸಣ್ಣ ದಂಧೆ ತಾಳದು. ಆದ್ದರಿಂದಲೇ ಡೀಸೆಲ್ ಎಂಜಿನ್ ಕೂರಿಸುವ ರೂಢಿ ಬಂದಿತು.

ಕೆಲಸ ಕೆಡುವುದು ಎಂಜಿನ್ನು ಗೇರ್‌ಬಾಕ್ಸನ್ನು ಸೇರುವಲ್ಲಿ. ನಡುವಿನ ಅಡಾಪ್ಟರ್ ಪ್ಲೇಟಿನ ಕೇಂದ್ರ ತುಸು ಸರಿದರೂ ಕ್ಲಚ್ಚು, ಬೇರಿಂಗು ಬೇಗ ಸವೆಯುತ್ತವೆ. ಡೀಸೆಲ್ ಎಂಜಿನ್ ನಿಧಾನವಾಗಿ ಸುತ್ತುವುದರಿಂದ, ಹಳೆಯ ಡಿಫರೆನ್ಷಿಯಲ್ಲನ್ನೇ ಉಳಿಸಿಕೊಂಡರೆ ಹೆದ್ದಾರಿಯ ಓಟ ಕುಂದುತ್ತದೆ. ಗಣಿಯ ದಾರಿಗೆ ಅದರಿಂದ ತೊಂದರೆಯಿಲ್ಲ.

ಹಲವರು ಎಡವುವುದು ಕಾಗದಪತ್ರದಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನನ್ವಯ ಬದಲಾವಣೆಗೆ ನೋಂದಣಿ ಪ್ರಾಧಿಕಾರದ ಅನುಮತಿ ಬೇಕು. ಬದಲಿಸಿದ 14 ದಿನಗಳೊಳಗೆ ವರದಿಯನ್ನೂ ಸಲ್ಲಿಸಬೇಕು. ಆರ್.ಸಿ.ಯಲ್ಲಿ ಎಂಜಿನ್ ಸಂಖ್ಯೆ, ಇಂಧನ ತಿದ್ದಿಸದಿದ್ದರೆ ಅಪಘಾತದ ಬಳಿಕ ವಿಮಾ ಕಂಪನಿ ತಕರಾರು ತೆಗೆಯಬಹುದು. ಆದುದರಿಂದ ಮೇಸ್ತ್ರಿಗೆ ಮುಂಗಡ ಕೊಡುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆಯನ್ನು ಲಿಖಿತವಾಗಿ ಪಡೆಯತಕ್ಕದ್ದು.