ಪ್ರಾಜೆಕ್ಟ್ ಕೇಳುವ ಸಾಲು ಕನ್ನಡದಲ್ಲಿ

ಪ್ರಶ್ನೆ: ಮಗ್ಗದ ಲೆಕ್ಕ, ವಿನ್ಯಾಸಗಳ ಫೋಲ್ಡರುಗಳನ್ನು ಈಮ್ಯಾಕ್ಸ್‌ನಲ್ಲಿ ನೋಡಿಕೊಳ್ಳುತ್ತೇನೆ. ಪ್ರಾಜೆಕ್ಟ್ ಬದಲಿಸುವಾಗ 'ಸೆಲೆಕ್ಟ್ ಪ್ರಾಜೆಕ್ಟ್' ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಕನ್ನಡದಲ್ಲಿ ಕೇಳುವಂತೆ ಮಾಡಬಹುದೇ? – ಓದುಗರೊಬ್ಬರು, ದೊಡ್ಡಬಳ್ಳಾಪುರ

ಉತ್ತರ: ಖಂಡಿತ ಮಾಡಬಹುದು. ಕಂಟ್ರೋಲ್-ಎಕ್ಸ್, ಪಿ, ಪಿ ಒತ್ತಿದಾಗ ಕೆಳಗೆ ಮೂಡುವ ಆ ಸಾಲು ಒಂದು ಫಂಕ್ಷನ್‌ನಿಂದ ಬರುತ್ತದೆ. ಯಾವ ಫಂಕ್ಷನ್ ಕೇಳಬೇಕೆಂದು ಹೇಳುವುದು 'ಪ್ರಾಜೆಕ್ಟ್-ಪ್ರಾಂಪ್ಟರ್' ಎಂಬ ಆಯ್ಕೆ. ಹೊಸ ಆವೃತ್ತಿಗಳಲ್ಲಿ ಆ ಫಂಕ್ಷನ್‌ಗೆ ಪ್ರಶ್ನೆಯ ಪಠ್ಯವನ್ನೂ ಕಳಿಸಬಹುದು.

ನಿಮ್ಮ ಆರಂಭಿಕ ಕಡತದಲ್ಲಿ ಪುಟ್ಟ ಫಂಕ್ಷನ್ ಒಂದನ್ನು ಬರೆಯಿರಿ. ಅದು 'ಯಾವ ಕೆಲಸ ತೆರೆಯಲಿ?' ಎಂಬ ಪಠ್ಯವನ್ನು ಆ ಆಯ್ಕೆಯಲ್ಲಿ ಈಗಿರುವ ಮೂಲ ಫಂಕ್ಷನ್ನಿಗೆ ದಾಟಿಸಲಿ. ಆಮೇಲೆ ಪ್ರಾಜೆಕ್ಟ್-ಪ್ರಾಂಪ್ಟರ್‌ಗೆ ಅದರ ಹೆಸರು ಕೊಡಿ. ಇಲ್ಲಿ ಒಂದು ಎಚ್ಚರ ಬೇಕೇ ಬೇಕು: ಬೇರೆ ಆಜ್ಞೆ ತನ್ನದೇ ಪ್ರಶ್ನೆಯನ್ನು ಕಳಿಸಿದರೆ ಅದನ್ನು ಹಾಗೆಯೇ ಬಿಡಿ, ಏನೂ ಬಾರದಿದ್ದಾಗ ಮಾತ್ರ ನಿಮ್ಮದನ್ನು ತೋರಿಸಿ. ಇಲ್ಲದಿದ್ದರೆ ಆ ಆಜ್ಞೆ ಬೇರೇನೋ ಕೇಳಬೇಕಾದಾಗಲೂ 'ತೆರೆಯಲಿ?' ಎಂದೇ ಕಾಣುತ್ತದೆ; ಅಂಥ ಗೊಂದಲ ನನಗೆ ಒಪ್ಪಿಗೆಯಿಲ್ಲ.

ಫೋಲ್ಡರಿನ ಉದ್ದ ದಾರಿಯ ಬದಲು ಹೆಸರಷ್ಟೇ ಸಾಕೆನಿಸಿದರೆ ಮೂಲ ಫಂಕ್ಷನ್ನಿನ ಜಾಗದಲ್ಲಿ 'ಪ್ರಾಜೆಕ್ಟ್-ಪ್ರಾಂಪ್ಟ್-ಪ್ರಾಜೆಕ್ಟ್-ನೇಮ್' ಬಳಸಿ.

ಅಕ್ಷರಗಳ ಬಗ್ಗೆ ಚಿಂತೆ ಬೇಡ. 2020ರ 27ನೇ ಆವೃತ್ತಿಯಿಂದ ಈಮ್ಯಾಕ್ಸ್ ಹಾರ್ಫ್‌ಬಝ್ ಎಂಬ ಅಕ್ಷರ ಜೋಡಿಸುವ ತಂತ್ರಾಂಶದ ನೆರವು ಪಡೆಯುತ್ತದೆ, ಹಾಗಾಗಿ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆ. ಕನ್ನಡದ ಫಾಂಟ್ ಒಂದಿದ್ದರೆ ಆಯಿತು. ಕನ್ನಡ ಟೈಪಿಸಲು ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಎಂಬ ಎರಡು ವಿಧಾನಗಳೂ ಒಳಗೇ ಇವೆ. ಒಂದನ್ನು ಆರಿಸಿಕೊಂಡ ಮೇಲೆ ಕಂಟ್ರೋಲ್ ಜೊತೆ ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಕನ್ನಡಕ್ಕೆ ಬರುತ್ತೀರಿ, ಮತ್ತೆ ಒತ್ತಿದರೆ ಇಂಗ್ಲಿಷಿಗೆ.