ಹಾಲು ಹಾಕದ ಹದಿನೈದು ದಿನ

ಸಂಘವೊಂದರ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಕೇಳಿದರು: "ಡಾಕ್ಟ್ರೇ, ದರ ಸಾಲದೆಂದು ರಸ್ತೆಗೆ ಹಾಲು ಸುರಿಯುವ ಫೋಟೋ ಪೇಪರಿನಲ್ಲಿ ಬರುತ್ತದಲ್ಲ, ಲಕ್ಷ್ಮಿಯನ್ನು ಹಾಗೆ ಚೆಲ್ಲುವುದು ಸರಿಯೇ?" ಅಂದು ಲಸಿಕೆ ಹಾಕುವ ಆತುರದಲ್ಲಿ ಸರಿಯಾಗಿ ಉತ್ತರಿಸಲಾಗಲಿಲ್ಲ. ನಮ್ಮ ಸಂಘಗಳ ಮೂಲದಲ್ಲೇ ಒಂದು ಹಾಲಿನ ಮುಷ್ಕರವಿದೆ ಎಂಬುದು ಬಹಳ ಸದಸ್ಯರಿಗೆ ತಿಳಿದಿಲ್ಲ.

ಕೈರಾ ಜಿಲ್ಲೆ ಈಗ ಗುಜರಾತಿಗೆ ಸೇರಿದೆ, ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1945ರಲ್ಲಿ ಸರ್ಕಾರವು ಮುಂಬಯಿ ನಗರಕ್ಕೆ ಅಲ್ಲಿನ ಆನಂದ್ ಪಟ್ಟಣದಿಂದ ಹಾಲು ತರಿಸುವ ಹೊಣೆಯನ್ನು ಪಾಲ್ಸನ್ ಎಂಬ ಖಾಸಗಿ ಡೇರಿಗೆ ವಹಿಸಿತು. ಸುತ್ತಲಿನ ಹಾಲು ಕೊಳ್ಳುವ ಹಕ್ಕೂ ಅದಕ್ಕೇ ಸಿಕ್ಕಿತು. ಸರ್ಕಾರಕ್ಕೂ ಡೇರಿಗೂ ನಡುವೆ ದರದ ಕರಾರಾಯಿತು. ರೈತನ ಕೈಗೆ ಎಷ್ಟು ಬರಬೇಕೆಂದು ಮಾತ್ರ ಯಾರೂ ನಿಗದಿ ಮಾಡಲಿಲ್ಲ. ಅದು ಮಧ್ಯವರ್ತಿಗಳ ಮರ್ಜಿಗೆ ಬಿದ್ದಿತು.

ಇಲ್ಲಿ ಹಾಲಿನ ಗುಣವನ್ನು ನೆನೆಯಬೇಕು. ರಾಗಿಯಾದರೆ ದರ ಬಿದ್ದಾಗ ಕಣಜದಲ್ಲಿಟ್ಟು ಕಾಯಬಹುದು. ಬೆಳಿಗ್ಗೆ ಕರೆದ ಹಾಲು ಬೇಸಿಗೆಯಲ್ಲಿ ನಾಲ್ಕೈದು ಗಂಟೆಯೂ ತಡೆಯುವುದು ಕಷ್ಟ. ಸಂಜೆ ಮತ್ತೆ ಕರೆಯಲೇಬೇಕು. ಕೊಳ್ಳುವವನು ಒಬ್ಬನೇ, ಅವಸರ ಮಾರುವವನಿಗೆ ಮಾತ್ರ ಎಂದಾದರೆ ದರ ಯಾರ ಬಾಯಲ್ಲಿರುತ್ತದೆ? ಪಾಲ್ಸನ್ ಬೆಣ್ಣೆಗೆ ದೇಶದಲ್ಲೆಲ್ಲ ಒಳ್ಳೆಯ ಹೆಸರಿತ್ತು. ಲಾಭ ಮಾಡಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಬೇರೆ ಬಾಗಿಲನ್ನೆಲ್ಲ ಮುಚ್ಚಿಸಿ ಮಾಡಿದ ಲಾಭದ ಮಾತೇ ಬೇರೆ.

ರೈತರು ಸರ್ದಾರ್ ವಲ್ಲಭಭಾಯಿ ಪಟೇಲರ ಬಳಿ ಹೋದರು. ಸ್ವಂತ ಸಂಘ ಕಟ್ಟಿಕೊಳ್ಳಿ, ಸರ್ಕಾರ ಒಪ್ಪದಿದ್ದರೆ ಹಾಲು ನಿಲ್ಲಿಸಿ, ಆದರೆ ನಷ್ಟಕ್ಕೆ ಸಿದ್ಧರಿರಬೇಕು ಎಂಬುದು ಅವರ ಸಲಹೆ. ಅವರು ಕಳುಹಿಸಿದ ಮೊರಾರ್ಜಿ ದೇಸಾಯಿಯವರ ಸಮ್ಮುಖದಲ್ಲಿ 1946ರ ಜನವರಿ 4ರಂದು ಸಮರ್ಖಾ ಗ್ರಾಮದಲ್ಲಿ ಸಭೆ ಸೇರಿತು. ಹಳ್ಳಿಗೊಂದು ಸಂಘ, ಜಿಲ್ಲೆಗೊಂದು ಒಕ್ಕೂಟ, ಸರ್ಕಾರ ಒಕ್ಕೂಟದಿಂದಲೇ ಹಾಲು ಕೊಳ್ಳಬೇಕು ಎಂದು ನಿರ್ಣಯವಾಯಿತು. ಸರ್ಕಾರ ಒಪ್ಪಲಿಲ್ಲ. ಹದಿನೈದು ದಿನ ವ್ಯಾಪಾರಿಗಳಿಗೆ ಹಾಲು ಹೋಗಲಿಲ್ಲ. ಕೊನೆಗೆ ಹಾಲು ಕಮಿಷನರ್ ಆನಂದ್‌ಗೆ ಬಂದು ನೋಡಿ ಬೇಡಿಕೆಗೆ ಒಪ್ಪಿದರು.

ಪಶುವೈದ್ಯನಾಗಿ ಒಂದು ಮಾತು. ಮುಷ್ಕರವೆಂದು ಕರೆಯುವುದನ್ನು ನಿಲ್ಲಿಸುವಂತಿಲ್ಲ. ಹಾಲು ಕಟ್ಟಿಕೊಂಡರೆ ಕೆಚ್ಚಲು ಬಾವಿಗೆ ದಾರಿ. ಅಂದರೆ ಮೂವತ್ತು ಹೊತ್ತು ಕರೆದು, ಹಿಂಡಿ ಹುಲ್ಲು ಹಾಕಿ, ಕಾಸು ಕಾಣದೆ ಕುಳಿತರು. ಪಟ್ಟಣದ ಮಕ್ಕಳಿಗೂ ಹಾಲು ತಪ್ಪಿರಬೇಕು. ಅದು ಸಣ್ಣ ಮಾತಲ್ಲ. ಆದರೂ ಅವರದು ನ್ಯಾಯವೆಂದೇ ನನ್ನ ಅಭಿಪ್ರಾಯ. ಮೊದಲು ಕೇಳಿದರು, ಬೇಕಾದುದನ್ನು ಸ್ಪಷ್ಟವಾಗಿ ಹೇಳಿದರು, ಗೆದ್ದ ಮೇಲೆ ದುಡಿದರು. 1946ರ ಡಿಸೆಂಬರ್ 14ರಂದು ಒಕ್ಕೂಟ ನೋಂದಣಿಯಾಯಿತು. ತ್ರಿಭುವನದಾಸ್ ಪಟೇಲರ ನೇತೃತ್ವದಲ್ಲಿ 1948ರ ಜೂನ್‌ನಲ್ಲಿ ಕೇವಲ ಎರಡು ಸಂಘಗಳ ಸುಮಾರು 250 ಲೀಟರ್ ಹಾಲಿನಿಂದ ಕೆಲಸ ಆರಂಭ. ಅದೇ ಮುಂದೆ ಅಮುಲ್ ಆಯಿತು. ಆ ಮಾದರಿಯೇ 1970ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ನಮ್ಮ ರಾಜ್ಯಕ್ಕೆ ಬಂದಿತು.

"ನಮ್ಮ ಸಂಘದಲ್ಲೇ ಅಳತೆ, ಜಿಡ್ಡು ಕಡಿಮೆ ಬರೆದರೆ?" ಎಂದೂ ಆ ಯಜಮಾನರು ಕೇಳಿದ್ದರು. ಅದಕ್ಕೆ ಹಾಲು ಚೆಲ್ಲಬೇಕಾಗಿಲ್ಲ. ಪರೀಕ್ಷೆಯನ್ನು ಎದುರಿಗೇ ಮಾಡಿಸಿ ಪುಸ್ತಕದಲ್ಲಿ ಬರೆಸಿಕೊಳ್ಳಿ. ಒಂದು ಹಸುವಿನವರಿಗೂ ಹತ್ತು ಹಸುವಿನವರಿಗೂ ಒಂದೇ ಮತ; ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿ.